ಮೂರು ಪದರಗಳ ಬಿಲ್ಲು

ಬಿದಿರಿನ ಒಂದು ಸೀಳನ್ನು ಎರಡು ಕೈಗಳಿಂದಲೂ ಹಿಡಿದು ಮೆಲ್ಲಮೆಲ್ಲನೆ ಬಾಗಿಸಿ ನೋಡಿರಿ. ಉಬ್ಬಿದ ಹೊರಮೈಯ ನಾರುಗಳು ಹಿಗ್ಗುತ್ತವೆ. ತಗ್ಗಿದ ಒಳಮೈಯ ನಾರುಗಳು ಕುಗ್ಗುತ್ತವೆ. ಇವೆರಡರ ನಡುವೆ ಹಿಗ್ಗದೆಯೂ ಕುಗ್ಗದೆಯೂ ಇರುವ ಒಂದು ಪದರವಿದೆ. ಇದಕ್ಕೆ ತಟಸ್ಥ ಪದರವೆಂದು ಹೆಸರು. ಮನೆಯ ತೊಲೆಯಾಗಲಿ, ಸೇತುವೆಯ ಹಲಗೆಯಾಗಲಿ, ಕಾಯಿಗಳ ಭಾರಕ್ಕೆ ಜಗ್ಗಿದ ಮಾವಿನ ಕೊಂಬೆಯಾಗಲಿ, ಬಾಗುವ ವಸ್ತುಗಳೆಲ್ಲವೂ ಈ ನಿಯಮಕ್ಕೆ ಒಳಪಟ್ಟಿವೆ. ಆದರೆ ತೊಲೆಯನ್ನು ನಾವು ಬಾಗದಿರಲೆಂದು ಮಾಡುತ್ತೇವೆ. ಬಿಲ್ಲನ್ನಾದರೋ ಬಾಗಲೆಂದೇ, ಅದೂ ಮುರಿಯುವ ಅಂಚಿನ ಸಮೀಪದವರೆಗೆ ಬಾಗಲೆಂದು, ಬಾಗಿದ್ದು ಬಿಟ್ಟೊಡನೆ ಮೊದಲಿನಂತಾಗಲೆಂದು ಮಾಡುತ್ತೇವೆ. ಮರದ ವಸ್ತುಗಳಲ್ಲಿ ಇಷ್ಟು ಕಠಿನವಾದ ಪರೀಕ್ಷೆಗೆ ಮತ್ತೆ ಮತ್ತೆ ಒಳಗಾಗುವುದು ಇನ್ನೊಂದು ಸಿಕ್ಕುವುದು ಕಷ್ಟ.

ಬಿಲ್ಲುಗಾರರು ತಮ್ಮ ಉಪಕರಣದ ಹೊರಮೈಯನ್ನು, ಎಂದರೆ ಗುರಿಯ ಕಡೆಗಿರುವ ಮೈಯನ್ನು, ಬೆನ್ನು ಎಂದೂ ತಮ್ಮ ಕಡೆಗಿರುವ ಮೈಯನ್ನು ಹೊಟ್ಟೆ ಎಂದೂ ಕರೆಯುತ್ತಾರೆ. ಬೆನ್ನಿಗೆ ಎಳೆತವನ್ನು ತಾಳುವ ಶಕ್ತಿ ಬೇಕು. ಹೊಟ್ಟೆಗೆ ಒತ್ತಡವನ್ನು ತಾಳುವ ಶಕ್ತಿ ಬೇಕು. ಈ ಎರಡು ಗುಣಗಳೂ ಸಮನಾಗಿ ಕೂಡಿಬಂದ ಮರಗಳು ಬಹಳ ವಿರಳ. ಇಂಗ್ಲೆಂಡಿನ ಪ್ರಸಿದ್ಧ ನೀಳಬಿಲ್ಲುಗಳಿಗೆ ಬಳಕೆಯಾಗುತ್ತಿದ್ದ ಯೂ ಮರದಲ್ಲಿ ಪ್ರಕೃತಿಯೇ ಈ ಜೋಡಣೆಯನ್ನು ಮಾಡಿತ್ತು: ಅದರ ಬಿಳಿಯ ಎಳೆಮರ ಎಳೆತಕ್ಕೂ ಕೆಂಪು ಚೇಗು ಒತ್ತಡಕ್ಕೂ ಒದಗುತ್ತಿದ್ದುವು. ಆದರೆ ಆಳೆತ್ತರದ, ಗಂಟಿಲ್ಲದ, ನೇರವಾದ ಯೂ ಕಾಂಡಗಳು ಆ ದೇಶದಲ್ಲಿಯೇ ಎಷ್ಟು ದುರ್ಲಭವಾದುವೆಂದರೆ, ಹೊರದೇಶಗಳಿಂದ ಬರುವ ವ್ಯಾಪಾರದ ಹಡಗುಗಳು ಸರಕಿನೊಡನೆ ಬಿಲ್ಲಿನ ಮರವನ್ನೂ ತರಲೇಬೇಕೆಂದು 1472ರಲ್ಲಿ ಶಾಸನವಾಯಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ 'ಮೇರಿ ರೋಸ್' ಎಂಬ ಯುದ್ಧನೌಕೆಯಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ದೊರೆತುವು. ಹೀಗೆ ಒಂದೇ ಕಾಂಡದಿಂದ ಬಿಲ್ಲನ್ನು ಕೆತ್ತಬೇಕಾದರೆ ಒಂದೊಂದು ಬಿಲ್ಲಿಗೂ ಒಂದೊಂದು ಒಳ್ಳೆಯ ಮರ ಬಲಿಯಾಗಬೇಕು.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯಲ್ಲಿ ಹಾಗೆ ಬಲಿಕೊಡುವಷ್ಟು ಕಾಡು ಇಲ್ಲ. ನೀಲಗಿರಿಯ ತೋಪು, ಹೊಲದ ಬದುಗಳಲ್ಲಿ ಸಿಲ್ವರ್ ಓಕ್, ಕೆರೆಯ ಹಿಂದೆ ಹೊಂಗೆ ಮತ್ತು ಜಾಲಿ, ಅಲ್ಲೊಂದು ಇಲ್ಲೊಂದು ಬಿದಿರಿನ ಮೆಳೆ, ಇಷ್ಟೇ ನಮ್ಮ ಐಶ್ವರ್ಯ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಒಳ್ಳೆಯ ನೀಳಬಿಲ್ಲಾಗಲಾರದು. ಆದರೆ ತೆಳುವಾದ ಮೂರು ಪಟ್ಟಿಗಳನ್ನು ಆರಿಸಿ ಒಂದರ ಮೇಲೊಂದು ಅಂಟಿಸಿದರೆ, ಬಡಗಿಯ ಮನೆಯ ಮೂಲೆಯಲ್ಲಿ ಬಿದ್ದಿರುವ ಚೂರುಗಳಿಂದಲೇ ಬಿಲ್ಲು ಸಿದ್ಧವಾಗುತ್ತದೆ. ಮರ ಕಡಿಯದೆ ಬಿಲ್ಲು ಮಾಡುವ ಈ ಉಪಾಯವನ್ನೇ ನಾವು ಈ ಲೇಖನದಲ್ಲಿ ವಿವರಿಸಲಿದ್ದೇವೆ.

ಹಳೆಯ ಗ್ರಂಥ, ಹಳೆಯ ಮರ

ಬಿಲ್ಲಿಗೆ ಯಾವ ವಸ್ತು ತಕ್ಕದ್ದೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ನಮ್ಮವರೇ ಆದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಆಯುಧಾಗಾರದ ಅಧ್ಯಕ್ಷನ ಕೆಲಸವನ್ನು ಹೇಳುವೆಡೆ ತಾಳೆಮರ, ಬಿದಿರು, ಮರ, ಕೊಂಬು ಎಂಬ ನಾಲ್ಕು ವಸ್ತುಗಳಿಂದಾದ ಬಿಲ್ಲುಗಳನ್ನು ಎಣಿಸಿದೆ. ಹೆದೆಗೆ ಮೂರ್ವಾ, ಎಕ್ಕ, ಸೆಣಬು, ಬಿದಿರು, ಸ್ನಾಯು ಮುಂತಾದುವುಗಳ ನಾರನ್ನು ಹೇಳಿದೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದು ನಿಂತ ವೀರರನ್ನು ವಾಚಕರು ನೋಡಿಯೇ ಇರಬಹುದು. ಕಲ್ಲಿನ ಬಿಲ್ಲು ಉಳಿದಿದೆ. ಮರದ ಬಿಲ್ಲನ್ನು ಗೆದ್ದಲೂ ಮಳೆಯೂ ತಿಂದುಹೋಗಿವೆ.

ಸಂಸ್ಕೃತದಲ್ಲಿ 'ಧನ್ವನ' ಎಂಬ ಒಂದು ಮರದ ಹೆಸರುಂಟು. 'ಧನ್ವ' ಎಂದರೆ ಬಿಲ್ಲು. ಈ ಮರವೇ ಹಿಂದಿಯಲ್ಲಿ 'ಧಾಮನ್' ಆಯಿತು. ಕನ್ನಡ ನಾಡಿನಲ್ಲಿ ಇದನ್ನು ತಡಸಲು ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರ ಗ್ರೀವಿಯ ಟಿಲಿಯಿಫೋಲಿಯ ಇದೇ. ಮಲೆನಾಡಿನ ಅಂಚಿನ ಎಲೆಯುದುರುವ ಕಾಡುಗಳಲ್ಲಿ ಇದು ಬೆಳೆಯುತ್ತದೆ. ಎಳೆದರೆ ಜಗ್ಗುವ, ಬಿಟ್ಟರೆ ಚಿಮ್ಮುವ ಗುಣಕ್ಕಾಗಿ ಗಾಡಿಯ ಮೂಕಿ, ಕೊಡಲಿಯ ಕಾವು, ದೋಣಿಯ ಹುಟ್ಟುಗಳಿಗೆ ಇದು ಹೆಸರಾದದ್ದು. ಕಾಡಿನಿಂದ ಇದನ್ನು ಕಡಿದು ತರುವುದು ಅಪರಾಧ. ಕಡಿಯಬೇಕಾದ ಅಗತ್ಯವೂ ಇಲ್ಲ. ನಮಗೆ ಬೇಕಾದದ್ದು ಆರಡಿ ಉದ್ದದ, ಎರಡು ಬೆರಳು ಅಗಲದ, ಅರ್ಧ ಬೆರಳು ದಪ್ಪವೂ ಇಲ್ಲದ ಒಂದು ಪಟ್ಟಿ. ಮರದ ಅಡಿತಿಯಲ್ಲಿ ವಿಚಾರಿಸಿದರೆ ಹಳೆಯ ಗಾಡಿಯ ಮೂಕಿಯೊಂದು ಸಿಕ್ಕಬಹುದು. ಅದೂ ದೊರೆಯದಿದ್ದರೆ ನಾರು ನೇರವಾಗಿರುವ ತೇಗದಿಂದ ಕೆಲಸ ಸಾಗುತ್ತದೆ. ಬಿಲ್ಲನ್ನು ಸ್ವಲ್ಪ ಅಗಲವಾಗಿ ಮಾಡಿಕೊಂಡರಾಯಿತು.

ಬೆನ್ನಿಗೆ ಬಿದಿರಿಗಿಂತ ಒಳ್ಳೆಯದು ನಮ್ಮಲ್ಲಿ ಇಲ್ಲ. ಬಿದಿರನ್ನು ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಕಂದು ಚುಕ್ಕೆಗಳಂತೆ ನಾರಿನ ಕಟ್ಟುಗಳು ಕಾಣುತ್ತವೆ. ಒಳಗೋಡೆಯ ಬಳಿ ಅವು ವಿರಳವಾಗಿ ಚದುರಿವೆ. ಹೊರಸಿಪ್ಪೆಯ ಹತ್ತಿರ ಬಂದಂತೆಲ್ಲ ಒತ್ತೊತ್ತಾಗಿ ಕಿಕ್ಕಿರಿಯುತ್ತವೆ. ಗಾಳಿಗೆ ಬಾಗುವ ಗಿಡಕ್ಕೆ ಬಲ ಬೇಕಾದದ್ದು ಹೊರಮೈಯಲ್ಲಿಯೇ ಅಲ್ಲವೆ? ಬಿಲ್ಲಿಗೂ ಅದೇ ಬೇಕು. ಆದುದರಿಂದ ಸಿಪ್ಪೆಯ ಹೊಳಪಿನ ಪೊರೆಯನ್ನು ಮಾತ್ರ ಹೆರೆದು, ಅದರ ಕೆಳಗಿನ ನಾರಿಗೆ ಏಟು ತಾಗದಂತೆ ಕಾಪಾಡಿಕೊಂಡು, ಒಳಗಿನ ಮೆತ್ತನೆಯ ಭಾಗವನ್ನೆಲ್ಲ ತೋಪಡದಿಂದ ತೆಗೆದುಹಾಕಬೇಕು. ಖಾಸಗಿ ಜಮೀನಿನ ಬಿದಿರನ್ನು ಕಡಿಯುವುದಕ್ಕೆ ಈಗ ಮೊದಲಿನಷ್ಟು ತೊಡಕಿಲ್ಲ. 2017ರ ತಿದ್ದುಪಡಿಯಿಂದಾಗಿ ಭಾರತೀಯ ಅರಣ್ಯ ಕಾಯಿದೆಯಲ್ಲಿ 'ಮರ'ವೆಂಬ ಶಬ್ದದ ವ್ಯಾಪ್ತಿಯಿಂದ ಬಿದಿರನ್ನು ಕೈಬಿಡಲಾಗಿದೆ.

ಬಿದಿರಿನ ಆಯ್ಕೆಯಲ್ಲಿ ಮೇದರನ್ನು ಕೇಳಿದರೆ ಪುಸ್ತಕಗಳಿಗಿಂತ ಹೆಚ್ಚು ತಿಳಿಯುತ್ತದೆ. ಮೂರು ನಾಲ್ಕು ವರ್ಷ ಬಲಿತ, ಎಂಟು ಹತ್ತು ಸೆಂಟಿಮೀಟರ್ ಅಡ್ಡಳತೆಯ ಹೆಬ್ಬಿದಿರು ಬೇಕು. ಕೊಳವೆ ಸಣ್ಣದಾದರೆ ಪಟ್ಟಿಯ ಬೆನ್ನು ತೀರ ಗುಂಡಾಗುತ್ತದೆ. ಮಳೆಗಾಲ ಕಳೆದ ಮೇಲೆ ಕಡಿದು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ಕರಗಿ ಕೊರೆಯುವ ಹುಳುವಿನ ಕಾಟ ತಗ್ಗುತ್ತದೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂದು ಹಿರಿಯರು ಹೇಳುವುದುಂಟು. ಹುಳು ಪಿಷ್ಟವನ್ನು ಹುಡುಕುತ್ತದೆಯೇ ಹೊರತು ಪಂಚಾಂಗವನ್ನಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ಪಂಚಾಂಗ ನೋಡಿ ಕಡಿದರೂ ಕೆಡುವುದೇನಿಲ್ಲ.

ಮೂರು ಅಡಿಕೋಲುಗಳ ಪ್ರಯೋಗ

ಪದರಗಳನ್ನು ಅಂಟಿಸುವುದರಿಂದ ಏನಾಗುತ್ತದೆಂಬುದನ್ನು ತಿಳಿಯಲು ಒಂದು ಸುಲಭವಾದ ಪ್ರಯೋಗವಿದೆ. ಒಂದೇ ಬಗೆಯ ಮೂರು ಮರದ ಅಡಿಕೋಲುಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಎರಡು ಪುಸ್ತಕಗಳ ಮೇಲೆ ಸೇತುವೆಯಂತಿಟ್ಟು ನಡುವೆ ಒಂದು ತೂಕವನ್ನು ತೂಗುಹಾಕಿ, ಎಷ್ಟು ಬಾಗಿತೆಂದು ಅಳೆಯಿರಿ. ಅನಂತರ ಮೂರನ್ನೂ ಒಂದರ ಮೇಲೊಂದಿಟ್ಟು ಅದೇ ತೂಕವನ್ನು ಹಾಕಿರಿ. ಬಾಗು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗಿದಾಗ ಕೋಲುಗಳ ತುದಿಗಳು ಸರಿಯಾಗಿ ಒಂದರ ಮೇಲೊಂದು ಕೂರದೆ ಮೆಟ್ಟಿಲಿನಂತೆ ಜರುಗುವುದನ್ನೂ ಗಮನಿಸಿರಿ. ಈಗ ಮೂರಕ್ಕೂ ಅಂಟು ಬಳಿದು ಬಿಗಿಯಾಗಿ ಕಟ್ಟಿ, ಒಣಗಿದ ಮೇಲೆ ಮತ್ತೆ ಪರೀಕ್ಷಿಸಿರಿ. ಬಾಗು ಮೊದಲಿನ ಇಪ್ಪತ್ತೇಳನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಇದಕ್ಕೆ ಕಾರಣವಿಷ್ಟೆ. ಪಟ್ಟಿಯ ಬಿಗುಪು ಅದರ ಅಗಲದಂತೆ ಹೆಚ್ಚುತ್ತದೆ. ಆದರೆ ದಪ್ಪದ ಘನದಂತೆ ಹೆಚ್ಚುತ್ತದೆ. ದಪ್ಪ ಮೂರುಪಟ್ಟಾದರೆ ಬಿಗುಪು ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು ಪಟ್ಟು. ಅಂಟಿಲ್ಲದ ಮೂರು ಪಟ್ಟಿಗಳು ತಮ್ಮ ತಮ್ಮ ಪಾಡಿಗೆ ಜಾರುವುದರಿಂದ ಅವು ಮೂರು ತೆಳು ಪಟ್ಟಿಗಳೇ ಆಗಿ ಉಳಿಯುತ್ತವೆ. ಅಂಟು ಆ ಜಾರಿಕೆಯನ್ನು ತಡೆದು ಮೂರನ್ನೂ ಒಂದೇ ದೇಹವಾಗಿ ಮಾಡುತ್ತದೆ. ಎಂದರೆ ಬಿಲ್ಲಿನಲ್ಲಿ ಅಂಟಿನ ಕೆಲಸ ಪಟ್ಟಿಗಳು ಬೇರೆಯಾಗದಂತೆ ಹಿಡಿಯುವುದು ಎನ್ನುವುದಕ್ಕಿಂತ ಜಾರದಂತೆ ತಡೆಯುವುದು ಎಂದರೆ ಹೆಚ್ಚು ಸರಿ. ಈ ಜಾರಿಸುವ ಬಲ ಅತಿ ಹೆಚ್ಚಾಗಿರುವುದು ತಟಸ್ಥ ಪದರದಲ್ಲಿ. ಸಮ ದಪ್ಪದ ಎರಡೇ ಪಟ್ಟಿಗಳಿಂದ ಬಿಲ್ಲು ಮಾಡಿದರೆ ಅಂಟಿನ ಗೆರೆ ನೇರವಾಗಿ ಅಲ್ಲಿಯೇ ಬೀಳುತ್ತದೆ. ಮೂರು ಪಟ್ಟಿಗಳನ್ನು ಇಟ್ಟರೆ ತಟಸ್ಥ ಪದರ ನಡುಪಟ್ಟಿಯ ಮರದೊಳಗೆ ಬಿದ್ದು, ಅಂಟಿನ ಗೆರೆಗಳೆರಡೂ ಅದರಿಂದ ಪಕ್ಕಕ್ಕೆ ಸರಿಯುತ್ತವೆ. ಮೂರು ಪದರಗಳನ್ನು ನಾವು ಮೆಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಜಪಾನಿನವರ 'ಯೂಮಿ' ಎಂಬ ಎರಡು ಮೀಟರಿಗೂ ಉದ್ದನೆಯ ಬಿಲ್ಲಿನಲ್ಲಿಯೂ ಮರದ ತಿರುಳಿನ ಎರಡು ಮಗ್ಗುಲಿಗೆ ಬಿದಿರನ್ನು ಹೊಂದಿಸುತ್ತಾರೆ.

ಪ್ಲೈವುಡ್ಡಿನಲ್ಲಿಯೂ ಪದರಗಳಿವೆ, ಆದರೆ ಅಲ್ಲಿ ಒಂದು ಪದರದ ನಾರು ಉದ್ದಕ್ಕೂ ಮುಂದಿನದು ಅಡ್ಡಕ್ಕೂ ಇರುತ್ತದೆ. ಬಿಲ್ಲಿನಲ್ಲಿ ಎಲ್ಲ ಪದರಗಳ ನಾರೂ ತುದಿಯಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಓಡಬೇಕು. ಆದುದರಿಂದ ಪ್ಲೈವುಡ್ಡನ್ನು ಸೀಳಿ ಬಿಲ್ಲು ಮಾಡಲು ಹೊರಡುವುದು ವ್ಯರ್ಥ. ಮರ ಮತ್ತು ಅಂಟುಗಳ ಇಂಥ ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಕೆಲಸ ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದದ್ದು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಹೊಸಕೋಟೆಯ ಬಳಿಯ ಗೊಟ್ಟಿಪುರದಲ್ಲಿ ಅದರ ಕ್ಷೇತ್ರ ಕೇಂದ್ರವಿದೆ. ತುಮಕೂರು ರಸ್ತೆಯಲ್ಲಿ ಪ್ಲೈವುಡ್ಡಿಗಾಗಿಯೇ 1962ರಲ್ಲಿ ಹುಟ್ಟಿದ ಸಂಶೋಧನ ಸಂಸ್ಥೆ ಬಿದಿರಿನ ಚಾಪೆಗಳನ್ನು ರಾಳದಿಂದ ಒತ್ತಿ ಹಲಗೆಗಳಾಗಿಸುವ ವಿಧಾನಗಳನ್ನು ರೂಪಿಸಿತು.

ಅಳತೆಗಳು

ಬಿಲ್ಲಿನ ಒಟ್ಟು ಉದ್ದ ಆರಡಿ, ಎಂದರೆ ಸುಮಾರು 183 ಸೆಂಟಿಮೀಟರ್ ಇರಲಿ. ಇಷ್ಟು ಉದ್ದವೇಕೆಂಬುದಕ್ಕೆ ಒಂದು ಚಿಕ್ಕ ಲೆಕ್ಕವಿದೆ. ಬಾಗಿದ ಪಟ್ಟಿಯ ಮೇಲ್ಮೈ ಎಷ್ಟು ಹಿಗ್ಗುತ್ತದೆಂಬುದನ್ನು ತಿಳಿಯಬೇಕಾದರೆ ಅದರ ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಬೇಕು. ದಪ್ಪ 12 ಮಿಲಿಮೀಟರ್, ತ್ರಿಜ್ಯ 1 ಮೀಟರ್ ಆದರೆ 6ನ್ನು 1000ದಿಂದ ಭಾಗಿಸಿದಾಗ ಶೇಕಡ 0.6 ಬರುತ್ತದೆ. ಇದು ಶೇಕಡ 1ನ್ನು ಸಮೀಪಿಸಿತೆಂದರೆ ಸಾಮಾನ್ಯವಾದ ಗಟ್ಟಿ ಮರದ ಹೊಟ್ಟೆಯ ನಾರುಗಳು ಶಾಶ್ವತವಾಗಿ ಕುಗ್ಗತೊಡಗುತ್ತವೆ. ಸಣ್ಣ ಸಣ್ಣ ಅಡ್ಡಗೆರೆಗಳು ಕಾಣಿಸಿಕೊಳ್ಳುತ್ತವೆ. ಬಿಲ್ಲು ಗಿಡ್ಡವಾದಷ್ಟೂ ಅದೇ ಎಳೆತಕ್ಕೆ ಹೆಚ್ಚು ಬಾಗಬೇಕು, ತ್ರಿಜ್ಯ ಕಿರಿದಾಗಬೇಕು. ಹೊಸಬರು ಉದ್ದವನ್ನು ಕಡಿಮೆ ಮಾಡುವ ಆಸೆಯನ್ನು ಬಿಡುವುದೇ ಒಳ್ಳೆಯದು.

ಬಿದಿರಿನ ಪಟ್ಟಿ ನಡುಬೆನ್ನಿನಲ್ಲಿ 3 ಮಿಲಿಮೀಟರ್ ದಪ್ಪವಿದ್ದು ಅಂಚುಗಳಲ್ಲಿ ತೆಳುವಾಗಲಿ. ನಡುಪಟ್ಟಿಗೆ ಸಿಲ್ವರ್ ಓಕ್ ಅಥವಾ ತೇಗ ಸಾಕು, ಏಕೆಂದರೆ ಅಲ್ಲಿ ಎಳೆತವೂ ಒತ್ತಡವೂ ಕಡಿಮೆ. ಅದರ ದಪ್ಪ ನಡುವಿನಲ್ಲಿ 5, ತುದಿಗಳಲ್ಲಿ 4 ಮಿಲಿಮೀಟರ್. ಹೊಟ್ಟೆಯ ತಡಸಲು ಪಟ್ಟಿ ನಡುವಿನಲ್ಲಿ 7, ತುದಿಗಳಲ್ಲಿ 5 ಮಿಲಿಮೀಟರ್. ಅಂಟಿಸುವಾಗ ಅಗಲ ಎಲ್ಲೆಡೆಯೂ 40 ಮಿಲಿಮೀಟರ್ ಇದ್ದು, ಆಮೇಲೆ ನಡುವಿನಿಂದ ತೋಳುಗಳ ಅರ್ಧದವರೆಗೆ 35ಕ್ಕೂ ಅಲ್ಲಿಂದ ತುದಿಗೆ 12ಕ್ಕೂ ಇಳಿಸಬೇಕು. ಈ ಅಳತೆಗಳು ಬೇಕಾದುದಕ್ಕಿಂತ ತುಸು ದಪ್ಪವೇ ಆಗಿವೆ. ತೆಗೆಯುವುದು ನಮ್ಮ ಕೈಯಲ್ಲಿದೆ, ಸೇರಿಸುವುದು ಇಲ್ಲ.

ಬಿಲ್ಲಿನ ತೋಳು ಚಪ್ಪಟೆಯಾಗಿರಬೇಕೆ, ಇಂಗ್ಲಿಷರ ಬಿಲ್ಲಿನಂತೆ ಹೊಟ್ಟೆ ಗುಂಡಾಗಿರಬೇಕೆ ಎಂಬ ಚರ್ಚೆ ಬಹುಕಾಲ ನಡೆಯಿತು. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಮತ್ತು ಅವರ ಸಂಗಡಿಗರು 1930ರ ಸುಮಾರಿಗೆ ಬಿಲ್ಲನ್ನು ಪ್ರಯೋಗಾಲಯಕ್ಕೆ ಒಯ್ದು ಅಳೆದರು. ಗುಂಡಾದ ಹೊಟ್ಟೆಯಲ್ಲಿ ಒತ್ತಡವೆಲ್ಲ ಒಂದು ಕಿರಿದಾದ ಏಣಿನ ಮೇಲೆ ಬೀಳುತ್ತದೆ. ಚಪ್ಪಟೆಯಾದರೆ ಅಗಲವೆಲ್ಲ ಭಾರವನ್ನು ಹಂಚಿಕೊಳ್ಳುತ್ತದೆ. ನಮ್ಮ ಬಿಲ್ಲಿನಲ್ಲಿ ಬಿದಿರಿನಂಥ ಬಲವಾದ ಬೆನ್ನಿರುವುದರಿಂದ ಹೊಟ್ಟೆ ಚಪ್ಪಟೆಯಾಗಿರುವುದು ಇನ್ನೂ ಅಗತ್ಯ. ಇಲ್ಲವಾದರೆ ಬೆನ್ನು ಗೆದ್ದು ಹೊಟ್ಟೆ ನಜ್ಜಾಗುತ್ತದೆ.

ಅಂಟಿಸುವ ದಿನ

ಮರದಲ್ಲಿ ಸದಾ ಸ್ವಲ್ಪ ನೀರಿದೆ. ಸುತ್ತಣ ಗಾಳಿಯ ತೇವಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 40 ಇದ್ದರೆ ಮರದ ನೀರು ಅದರ ಒಣತೂಕದ ಶೇಕಡ 8ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 80 ಆದರೆ ಅದು 16ರವರೆಗೆ ಏರುತ್ತದೆ. ತೇವದ ಮರ ಮೆತ್ತಗಾಗಿ, ಬಾಗಿದಂತೆಯೇ ಉಳಿಯುತ್ತದೆ. ತೀರ ಒಣಗಿದ್ದು ಸಿಡಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಫೆಬ್ರವರಿ ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಪಟ್ಟಿಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿರಿ. ಎರಡು ಮೂರು ವಾರ ತೂಕ ಬದಲಾಗದಿದ್ದರೆ ಮರ ಸಿದ್ಧವಾಯಿತೆಂದು ತಿಳಿಯಬಹುದು.

ಹಿಂದೆ ಬಡಗಿಗಳು ಚರ್ಮದಿಂದ ಕಾಯಿಸಿದ ಮರವಜ್ರವನ್ನು ಬಳಸುತ್ತಿದ್ದರು. ಅದು ಬಲವಾದ ಅಂಟೇ. ಆದರೆ ಆಷಾಢದ ತೇವಕ್ಕೆ ಸಡಿಲುತ್ತದೆ. ಬಡಗಿಗಳು ಇಂದು ಬಳಸುವ ಬಿಳಿಯ ಅಂಟು, ಫೆವಿಕಾಲ್ ಮುಂತಾದುದು, ಕುರ್ಚಿ ಮೇಜುಗಳಿಗೆ ಸೊಗಸಾಗಿದೆ. ಆದರೆ ಸತತವಾದ ಎಳೆತದಲ್ಲಿ, ಅದರಲ್ಲಿಯೂ ಬಿಸಿಲಿನಲ್ಲಿ, ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಜಾರುತ್ತದೆ. ಮೇಲಿನ ಪ್ರಯೋಗವನ್ನು ನೆನೆದವರಿಗೆ ಜಾರುವ ಅಂಟಿನಿಂದ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಎರಡು ದ್ರವಗಳನ್ನು ಬೆರಸಿ ಹಚ್ಚುವ ಎಪಾಕ್ಸಿ ರಾಳ, ಅರಾಲ್ಡೈಟ್ ಮೊದಲಾದುದು, ಈ ಕೆಲಸಕ್ಕೆ ತಕ್ಕದ್ದು. ಬೇಗ ಹೆಪ್ಪುಗಟ್ಟುವ ಬಗೆಯನ್ನು ಕೊಳ್ಳದೆ ನಿಧಾನವಾಗಿ ಗಟ್ಟಿಯಾಗುವುದನ್ನೇ ಕೊಳ್ಳಬೇಕು. ಇದು ಚರ್ಮಕ್ಕೆ ಒಗ್ಗದು, ಕೈಚೀಲ ಅವಶ್ಯ. ಅಂಟಿಸುವ ಮೈಗಳನ್ನು ಅದೇ ದಿನ ಉಜ್ಜುಕಾಗದದಿಂದ ಒರಟು ಮಾಡಿ ಧೂಳೊರಸಬೇಕು. ತೇಗದ ಮೈಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದನ್ನು ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದಲೂ ಒರಸಬೇಕು.

ಆರಡಿ ಉದ್ದದ ನೇರವಾದ ಗಟ್ಟಿ ಜಂತೆಯೊಂದು ನಮ್ಮ ಅಚ್ಚು. ಬಿದಿರಿನ ಬೆನ್ನು ಮೇಲೆ ಬರುವಂತೆ ಮೂರು ಪಟ್ಟಿಗಳನ್ನೂ ಅದರ ಮೇಲಿಟ್ಟು, ನಡುವನ್ನು ಜಂತೆಗೆ ಬಿಗಿದು, ಎರಡು ತುದಿಗಳ ಕೆಳಗೂ 5 ಸೆಂಟಿಮೀಟರ್ ಎತ್ತರದ ಮರದ ತುಂಡುಗಳನ್ನು ಕೊಡಬೇಕು. ತುದಿಗಳು ಬೆನ್ನಿನ ಕಡೆಗೆ, ಎಂದರೆ ಬಿಲ್ಲು ಮುಂದೆ ಬಾಗುವ ದಿಕ್ಕಿಗೆ ವಿರುದ್ಧವಾಗಿ, ಏಳುತ್ತವೆ. ಅಂಟು ಗಟ್ಟಿಯಾದ ಮೇಲೆ ಪಟ್ಟಿಗಳು ಜಾರಲಾರದ ಕಾರಣ ಈ ಹಿಂಬಾಗು ಹಾಗೆಯೇ ನಿಲ್ಲುತ್ತದೆ. ಸಮನಾದ ಮೂರು ಪದರಗಳಲ್ಲಿ ಒಂಬತ್ತನೆಯ ಒಂದು ಭಾಗ ಮಾತ್ರ ಮರಳಿ ಚಿಮ್ಮುತ್ತದೆ, ಅಷ್ಟೆ. ಬಿಗಿಯಲು ದುಬಾರಿ ಕ್ಲ್ಯಾಂಪುಗಳೇ ಬೇಕೆಂದಿಲ್ಲ. ಹಳೆಯ ಸೈಕಲ್ ಟ್ಯೂಬುಗಳನ್ನು ಎರಡು ಬೆರಳಗಲ ಉದ್ದುದ್ದ ಕತ್ತರಿಸಿ, ಎಳೆದೆಳೆದು ಒತ್ತಾಗಿ ಸುತ್ತಿದರೆ ಒತ್ತಡ ಎಲ್ಲೆಡೆಯೂ ಒಂದೇ ಸಮನಾಗಿ ಬೀಳುತ್ತದೆ. ಕ್ಲ್ಯಾಂಪನ್ನು ಮಿತಿಮೀರಿ ತಿರುಗಿಸುವವರು ಅಂಟನ್ನೆಲ್ಲ ಹೊರಗೆ ಹಿಂಡಿ ಗೆರೆಯನ್ನು ಬರಿದು ಮಾಡಿಬಿಡುತ್ತಾರೆ. ಅಚ್ಚಿಗೆ ಬಿಲ್ಲು ಅಂಟದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಎರಡು ದಿನ ಮುಟ್ಟದಿರುವುದು ಮೇಲು. ಆಮೇಲೆ ಹೊಟ್ಟೆಯ ನಡುವೆ 20 ಸೆಂಟಿಮೀಟರ್ ಉದ್ದದ ಹಲಸಿನ ಅಥವಾ ತೇಗದ ತುಂಡೊಂದನ್ನು ಹಿಡಿಗಾಗಿ ಅಂಟಿಸಬೇಕು. ಅದರ ಎರಡು ಕೊನೆಗಳೂ ಕಾಗದದಷ್ಟು ತೆಳುವಾಗಿ ತೋಳಿನೊಳಗೆ ಲೀನವಾಗುವಂತೆ ಇಳಿಜಾರಾಗಿರದಿದ್ದರೆ ಮೊದಲ ಎಳೆತಕ್ಕೇ ಕಿತ್ತು ಬರುತ್ತದೆ.

ಬಾಗನ್ನು ಸರಿದೂಗಿಸುವುದು

ಇಲ್ಲಿಯವರೆಗಿನದು ಬಡಗಿಯ ಕೆಲಸ. ನಿಜವಾದ ಬಿಲ್ಗೆಲಸ ಈಗ ಮೊದಲಾಗುತ್ತದೆ. ಎರಡು ತೋಳುಗಳೂ ಒಂದೇ ಸಮನಾಗಿ, ಒಂದೊಂದು ತೋಳೂ ಬುಡದಿಂದ ತುದಿಯವರೆಗೆ ತನ್ನ ಪಾಲಿನಷ್ಟು, ಬಾಗುವಂತೆ ಹೊಟ್ಟೆಯಿಂದ ಮರವನ್ನು ಹೆರೆಯುತ್ತ ಹೋಗಬೇಕು. ಒಂದು ಕಡೆ ಹೆಚ್ಚು ತೆಳುವಾದರೆ ಬಾಗೆಲ್ಲ ಅಲ್ಲಿಯೇ ಸೇರಿ ಬಿಲ್ಲು ಅಲ್ಲಿಯೇ ಮುರಿಯುತ್ತದೆ. ವಾರಗಳ ಶ್ರಮ ಒಂದು ಕ್ಷಣದಲ್ಲಿ ಹೋಗುವುದಷ್ಟೇ ಅಲ್ಲ, ಸಿಡಿದ ಚೂರು ಮುಖಕ್ಕೆ ಬಡಿಯಬಹುದು. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ತೊಡಗಬಾರದು.

ಘನದ ನಿಯಮವನ್ನು ಇಲ್ಲಿ ಮತ್ತೆ ಸ್ಮರಿಸಿಕೊಳ್ಳಿರಿ. 12 ಮಿಲಿಮೀಟರ್ ದಪ್ಪದ ತೋಳಿನಿಂದ 0.4 ಮಿಲಿಮೀಟರ್ ತೆಗೆದರೆ ದಪ್ಪ ಕಡಿಮೆಯಾದದ್ದು ಶೇಕಡ 3ರ ಸುಮಾರು; ಬಿಗುಪು ಕಡಿಮೆಯಾದದ್ದು ಶೇಕಡ 10ರ ಹತ್ತಿರ. ತೋಪಡವನ್ನು ಕೆಲವೇ ಸಲ ಎಳೆದರೆ ಇಷ್ಟು ಹೋಗಿಬಿಡುತ್ತದೆ. ಆದುದರಿಂದ ಆರಂಭದಲ್ಲಿ ತೋಪಡ, ಅನಂತರ ಅರ, ಕೊನೆಗೆ ಒಡೆದ ಗಾಜಿನ ಅಂಚು ಅಥವಾ ಉಕ್ಕಿನ ತಗಡಿನಿಂದ ಹೆರೆಯುವುದು, ಹೀಗೆ ಕ್ರಮವಾಗಿ ಉಪಕರಣಗಳೂ ಮೃದುವಾಗಬೇಕು. ಹೆರೆಯುವುದು ಹೊಟ್ಟೆಯ ಕಡೆಯಿಂದ ಮಾತ್ರ. ಬಿದಿರಿನ ಬೆನ್ನನ್ನು, ಅದರಲ್ಲಿಯೂ ಗಿಣ್ಣುಗಳನ್ನು, ಉಪಕರಣ ಮುಟ್ಟಕೂಡದು. ನಾರು ತುಂಡಾದೆಡೆಯಿಂದಲೇ ಸೀಳು ಹುಟ್ಟುತ್ತದೆ.

ಗೋಡೆಗೆ ಒಂದು ಗೂಟವನ್ನು ಹೊಡೆದು ಬಿಲ್ಲಿನ ಹಿಡಿಯನ್ನು ಅದರ ಮೇಲಿಡಿರಿ. ತುದಿಗಳ ಕಚ್ಚುಗಳಿಗೆ ಮೊದಲು ಸಡಿಲವಾದ ಉದ್ದನೆಯ ಹಗ್ಗವನ್ನು ಕಟ್ಟಿ, ನಡುವೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ, ಕೆಳಗೆ ರಾಟೆಯ ಮೂಲಕ ಎಳೆದರೆ ಬಿಲ್ಲಿನಿಂದ ದೂರ ನಿಂತು ಬಾಗನ್ನು ನೋಡಬಹುದು. ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದಿದ್ದರೆ ಎರಡು ತೋಳುಗಳ ಹೋಲಿಕೆ ಸುಲಭ. ಕಣ್ಣು ಮೋಸಹೋಗುವುದುಂಟು, ಒಂದೊಂದು ಹಂತದಲ್ಲಿಯೂ ಮೊಬೈಲಿನಿಂದ ಚಿತ್ರ ತೆಗೆದು ಬಲ ಎಡ ತಿರುಗಿಸಿ ನೋಡಿದರೆ ಸುಳ್ಳು ಬಯಲಾಗುತ್ತದೆ. ಇನ್ನೊಂದು ಉಪಾಯವೂ ಉಂಟು. 15 ಸೆಂಟಿಮೀಟರ್ ಉದ್ದದ ನೇರವಾದ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲೊಂದನ್ನು ಬಿಗಿಯಾಗಿ ತೂರಿಸಿರಿ. ಬಾಗಿದ ಬಿಲ್ಲಿನ ಹೊಟ್ಟೆ ತಗ್ಗಾಗಿರುವುದರಿಂದ ತುಂಡಿನ ಎರಡು ಕೊನೆಗಳು ಮಾತ್ರ ಮರಕ್ಕೆ ತಾಗುತ್ತವೆ. ಅತಿ ಹೆಚ್ಚು ಬಾಗಿದ ಸ್ಥಳದಲ್ಲಿ ಪೆನ್ಸಿಲ್ ಮರವನ್ನು ಇನ್ನೇನು ಮುಟ್ಟಬೇಕೆನ್ನುವಷ್ಟು ಹೊರಚಾಚಿಸಿ, ತೋಳಿನುದ್ದಕ್ಕೂ ಜರುಗಿಸಿರಿ. ಬಾಗು ಸಾಲದ ಕಡೆಯಲ್ಲೆಲ್ಲ ಪೆನ್ಸಿಲ್ ತಾನಾಗಿ ಗೆರೆ ಎಳೆಯುತ್ತದೆ. ಗೆರೆಯಿದ್ದಲ್ಲಿ ಹೆರೆಯಿರಿ, ಇಲ್ಲದಲ್ಲಿ ಮುಟ್ಟಬೇಡಿರಿ. ಹತ್ತಾರು ರೂಪಾಯಿಯ ಈ ಸಾಧನ ಅನೇಕ ಬಿಲ್ಲುಗಳ ಪ್ರಾಣವನ್ನು ಉಳಿಸಿದೆ.

ಎರಡು ನಿಯಮಗಳಿಗೆ ವಿನಾಯಿತಿಯಿಲ್ಲ. ಒಂದು, ಪ್ರತಿಯೊಂದು ಹೆರೆತದ ನಂತರವೂ ಬಿಲ್ಲನ್ನು ಇಪ್ಪತ್ತು ಮೂವತ್ತು ಸಲ ಅಷ್ಟಿಷ್ಟೇ ಬಾಗಿಸಬೇಕು. ನಾರುಗಳು ಹೊಸ ಆಕಾರಕ್ಕೆ ಹೊಂದಿಕೊಂಡ ಮೇಲಷ್ಟೇ ತಕ್ಕಡಿ ಸತ್ಯ ಹೇಳುತ್ತದೆ. ಇನ್ನೊಂದು, ಕೊನೆಗೆ 16 ಕಿಲೋಗ್ರಾಂ ಭಾರದ ಬಿಲ್ಲು ಬೇಕಾಗಿದ್ದರೆ ಯಾವ ಹಂತದಲ್ಲಿಯೂ ತಕ್ಕಡಿ 16ನ್ನು ದಾಟಕೂಡದು, ಎಳೆತ ಎಷ್ಟೇ ಕಡಿಮೆಯಿರಲಿ. ಕೈ ಹಿಡಿಯುವುದು ನಡುವಿಗಿಂತ ತುಸು ಕೆಳಗಾದುದರಿಂದ ಕೆಳತೋಳನ್ನು ಮೇಲಿನದಕ್ಕಿಂತ ಕೊಂಚ ಬಿಗಿಯಾಗಿ ಬಿಡುವುದು ವಾಡಿಕೆ. ಹೆದೆಗೂ ತೋಳಿಗೂ ನಡುವಣ ದೂರ ಮೇಲೆ ಕೆಳಗಿಗಿಂತ ನಾಲ್ಕೈದು ಮಿಲಿಮೀಟರ್ ಹೆಚ್ಚಿದ್ದರೆ ಸರಿಹೋಯಿತು.

ರೇಷ್ಮೆಯ ಹೆದೆ

ಚೀನದವರೂ ತುರ್ಕಿಯವರೂ ಹಿಂದೆ ರೇಷ್ಮೆಯಿಂದ ಹೆದೆ ಹೊಸೆಯುತ್ತಿದ್ದರು. ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆಯನ್ನೂ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದನ್ನೂ ಉಳ್ಳ ನಾವು ಇದನ್ನು ಲೆಕ್ಕ ಹಾಕಿಯಾದರೂ ನೋಡಬೇಕು. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್ ಎಂಬುದು ನೇಕಾರರ ಅಳತೆ. 21 ಡೆನಿಯರಿನ ಹಸಿರೇಷ್ಮೆಯ ಒಂದೆಳೆ ಸುಮಾರು 80 ಗ್ರಾಂ ಭಾರಕ್ಕೆ ತುಂಡಾಗುತ್ತದೆ. ಬಾಣ ಹೊರಡುವ ಗಳಿಗೆಯಲ್ಲಿ ಹೆದೆಯ ಮೇಲೆ ಬೀಳುವ ಜಗ್ಗು ದೊಡ್ಡದಾದ ಕಾರಣ, ಅದು ಬಿಲ್ಲಿನ ಭಾರದ ಐದು ಪಟ್ಟನ್ನಾದರೂ, ಎಂದರೆ 80 ಕಿಲೋಗ್ರಾಂ, ತಾಳುವಂತಿರಬೇಕು. ಆದುದರಿಂದ ಬೇಕಾದ ಎಳೆಗಳು 1000. ಸಾವಿರವೆಂದರೆ ಅಂಜಬೇಕಾಗಿಲ್ಲ. ಇಂಥ ಹೆದೆಯೊಂದರ ತೂಕ ಸುಮಾರು 4 ಗ್ರಾಂ ಮಾತ್ರ! ಹೆದೆ ಹಗುರವಾದಷ್ಟೂ ಬಾಣಕ್ಕೆ ಸಲ್ಲುವ ಶಕ್ತಿ ಹೆಚ್ಚು. ಆದರೆ ರೇಷ್ಮೆ ತೇವಕ್ಕೂ ಬಿಸಿಲಿಗೂ ಸೊರಗುತ್ತದೆ. ದಿನದ ಬಳಕೆಗೆ ಡ್ಯಾಕ್ರಾನ್ ಎಂಬ ಪಾಲಿಯೆಸ್ಟರ್ ನೂಲೇ ಅನುಕೂಲ. ಎರಡಕ್ಕೂ ಜೇನುಮೇಣವನ್ನು ತಿಕ್ಕಬೇಕು.

ಹೀಗೆ ಸಿದ್ಧವಾದ ಬಿಲ್ಲಿನಲ್ಲಿ ಎಷ್ಟು ಶಕ್ತಿ ಅಡಗಿದೆ? ಹೆದೆಯನ್ನು 56 ಸೆಂಟಿಮೀಟರ್ ಎಳೆದಾಗ ಬಲ ಸೊನ್ನೆಯಿಂದ 16 ಕಿಲೋಗ್ರಾಂ ಭಾರಕ್ಕೆ, ಎಂದರೆ 157 ನ್ಯೂಟನ್ನಿಗೆ, ಏಕರೀತಿಯಾಗಿ ಏರುವುದೆಂದು ಭಾವಿಸಿದರೆ ಕೂಡಿಟ್ಟ ಶಕ್ತಿ ಅವೆರಡರ ಗುಣಲಬ್ಧದ ಅರ್ಧ, 44 ಜೂಲ್. ಇದರಲ್ಲಿ ಶೇಕಡ 60 ಬಾಣಕ್ಕೆ ಸಂದರೆ 30 ಗ್ರಾಂ ತೂಕದ ಬಾಣ ಸೆಕೆಂಡಿಗೆ 42 ಮೀಟರ್, ಗಂಟೆಗೆ 150 ಕಿಲೋಮೀಟರ್, ವೇಗದಿಂದ ಹೊರಡುತ್ತದೆ. ಉಳಿದ ಶಕ್ತಿ ತೋಳುಗಳ ಕಂಪನದಲ್ಲಿ, ಹೆದೆಯ ಸದ್ದಿನಲ್ಲಿ ಕರಗುತ್ತದೆ. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಟ್ಟರೆ ಆ 44 ಜೂಲಿಗೂ ಬಿಲ್ಲಿನ ಹೊರತು ಬೇರೆ ಗತಿಯಿಲ್ಲ. ಒಳ್ಳೆಯ ಬಿಲ್ಲುಗಳು ಈ ಹುಡುಗಾಟಕ್ಕೇ ಸೀಳಿಹೋಗುತ್ತವೆ. ಈ ವೇಗದ ಬಾಣಕ್ಕೆ ಆಡುವ ಮಕ್ಕಳೂ ಮೇಯುವ ದನಗಳೂ ಒಂದೇ. ಹಿಂದೆ ಮಣ್ಣಿನ ದಿಬ್ಬವಿಲ್ಲದೆ, ಬಲ್ಲವರು ಜೊತೆಗಿಲ್ಲದೆ ಗುರಿಯಿಡಬಾರದು. ಕಾಡುಪ್ರಾಣಿಯನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಶಿಕ್ಷಾರ್ಹವಾದ ಅಪರಾಧ. ಗುರಿಯ ಆಟವನ್ನು ಕಲಿಯಬಯಸುವವರಿಗೆ ನಮ್ಮ ದೇಶದ ಪಂದ್ಯಗಳಲ್ಲಿ ಬಿದಿರಿನ ಬಿಲ್ಲಿಗಾಗಿಯೇ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ.

ಮೆರುಗು

ಕೊನೆಯ ಕೆಲಸ ಮೇಲ್ನೋಟಕ್ಕೆ ಅಲಂಕಾರವಾಗಿ ಕಂಡರೂ ಅದರ ನಿಜವಾದ ಉದ್ದೇಶ ತೇವವನ್ನು ತಡೆಯುವುದು. ಅಂಚುಗಳನ್ನೆಲ್ಲ ಗುಂಡಗೆ ಮಾಡಿ, ಒರಟಿನಿಂದ ನಯಕ್ಕೆ ಕ್ರಮವಾಗಿ ಉಜ್ಜುಕಾಗದ ಹಾಕಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರಸಿ, ಎದ್ದ ನಾರನ್ನು ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಬಿದಿರಿನ ಬೆನ್ನು ಜೇನಿನ ಬಣ್ಣಕ್ಕೆ ತಿರುಗಿ ಬಹಳ ಚೆಲುವಾಗಿ ಕಾಣುತ್ತದೆ. ಆದರೆ ನೀರು ಬಿದ್ದಲ್ಲಿ ಬೆಳ್ಳಗಾಗುತ್ತದೆ. ಅದರ ಮೇಲೆ ಪಾಲಿಯುರೆತೇನ್ ಮೆರುಗೆಣ್ಣೆಯ ಮೂರು ನಾಲ್ಕು ತೆಳು ಲೇಪಗಳನ್ನು, ನಡುನಡುವೆ ನಯವಾಗಿ ಉಜ್ಜಿ, ಕೊಡುವುದು ಕ್ಷೇಮ. ಅಗಸೆ ಎಣ್ಣೆಯನ್ನು ಬಳಸುವವರು ಎಣ್ಣೆಯ ಬಟ್ಟೆಯನ್ನು ಉಂಡೆಮಾಡಿ ಎಸೆಯಬಾರದು. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿದ ಮೇಲೆ ಎಸೆಯಬೇಕು. ಹಿಡಿಗೆ ಚರ್ಮ ಅಥವಾ ಹತ್ತಿಯ ದಾರವನ್ನು ಸುತ್ತಿದರೆ ಬೆವರಿದ ಕೈ ಜಾರುವುದಿಲ್ಲ.

ಎಷ್ಟೇ ಮೆರುಗೆಣ್ಣೆ ಬಳಿದರೂ ಮರಕ್ಕೆ ಹವೆಯ ಸಂಬಂಧ ಪೂರ್ತಿಯಾಗಿ ತಪ್ಪದು, ನಿಧಾನವಾಗುತ್ತದೆ, ಅಷ್ಟೆ. ಬಿಲ್ಲನ್ನು ಬಳಸದಿರುವಾಗ ಹೆದೆಯಿಳಿಸಿ, ಒಳಗೋಡೆಯ ಎರಡು ಗೂಟಗಳ ಮೇಲೆ ಅಡ್ಡವಾಗಿ ಇಡಬೇಕು. ಮೂಲೆಗೆ ಒರಗಿಸಿ ನಿಲ್ಲಿಸಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗಂತೂ ಬಿಡಲೇಬಾರದು. ಆಸಕ್ತರಾದ ವಿದ್ಯಾರ್ಥಿಗಳು ಏಪ್ರಿಲ್ ತಿಂಗಳ ಒಂದು ದಿನ ಬಿಲ್ಲನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಪೂರ್ಣ ಎಳೆತದ ಭಾರವನ್ನೂ ಅಳೆದು ಬರೆದಿಡಲಿ. ಆಗಸ್ಟಿನ ಮಳೆಯ ನಡುವೆ ಅದೇ ಎರಡು ಅಳತೆಗಳನ್ನು ಮತ್ತೆ ತೆಗೆದುಕೊಳ್ಳಲಿ. ಮರ ಕುಡಿದ ನೀರು ಎಷ್ಟು ಗ್ರಾಂ, ಅದರಿಂದ ಕುಂದಿದ ಬಿಗುಪು ಎಷ್ಟು ಎಂಬುದು ಅಂಕಿಗಳಲ್ಲಿಯೇ ಕಾಣುತ್ತದೆ.